ಖನಿಜ ಅಂದರೇನು? ಅದು ಹೇಗೆ ಆಗುತ್ತದೆ?

ಅಡುಗೆಮನೆಯ ಕಲ್ಲುಪ್ಪನ್ನೇ ನೋಡಿ. ಒಳಗೆ ಸೋಡಿಯಂ, ಕ್ಲೋರಿನ್ ಕಣಗಳು ಸಾಲಾಗಿ ಕೂತಿರುತ್ತವೆ. ಹರಳು ದಾಳದ ಹಾಗೆ ಚೌಕವಾಗಿ ಬೆಳೆಯುವುದು ಅದಕ್ಕೇ. ಹೀಗೆ ಅಚ್ಚುಕಟ್ಟಾದ ಒಳಜೋಡಣೆ ಇರುವ, ತಾನಾಗಿಯೇ ಹುಟ್ಟಿದ ಗಟ್ಟಿ ವಸ್ತುವೇ ಖನಿಜ. ಕಿಟಕಿ ಗಾಜಿಗೆ ಆ ಜೋಡಣೆ ಇಲ್ಲ, ಹಾಗಾಗಿ ಅದು ಖನಿಜವಲ್ಲ.

ನೀರು ಆರಿದಾಗ ಉಪ್ಪು ಹರಳಾಗಿ ಉಳಿಯುತ್ತದೆ. ಗ್ರಾನೈಟ್ ಒಳಗಿನ ಬಿಳಿ, ಗುಲಾಬಿ, ಕಪ್ಪು ಚುಕ್ಕೆಗಳು ಬೇರೆ ಬೇರೆ ಖನಿಜಗಳು. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣ್ಣಗಾದಾಗ ಆದವು. ನಿಧಾನ ಜಾಸ್ತಿಯಾದಷ್ಟೂ ಹರಳು ದೊಡ್ಡದು.

ಗುರುತಿಸುವಾಗ ಸುಮ್ನೆ ಬಣ್ಣ ನಂಬಬೇಡಿ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್ ಕಪ್ಪು-ಬೂದು ಕಾಣಬಹುದು. ಟೈಲ್ಸ್‌ನ ಒರಟು ಹಿಂಬದಿಗೆ ಉಜ್ಜಿದರೆ ಗೆರೆ ಮಾತ್ರ ಕೆಂಪು-ಕಂದು! ಗಡಸುತನವನ್ನೂ ನೋಡಿ: 1ರಿಂದ 10ರ ‘ಮೋಸ್’ ಎಂಬ ಅಳತೆಯಲ್ಲಿ ಬಳಪದ ಕಲ್ಲಿನ ಮೆದು ಖನಿಜ ಟಾಲ್ಕ್ 1, ಅತಿ ಗಟ್ಟಿಯಾದ ವಜ್ರ 10.