ಆ ಗೋಡೆಗಳ ಮೇಲೆ ‘ಇಲ್ಲಿ’ ಅಂತ ಯಾಕೆ ಬರೆದಿದೆ?

ಪ್ರಶ್ನೆ: ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿದ್ದೆ. ಬೀದಿ ಮೂಲೆಯ ಗೋಡೆಯೊಂದರಲ್ಲಿ ಚಿಕ್ಕ ಕಲ್ಲಿನ ಫಲಕ, ಒಂದು ಹೆಸರು, 1944ರ ತಾರೀಕು, ಪಕ್ಕದಲ್ಲಿ ಹೊಸ ಹೂವು. ಆಮೇಲೆ ಗಮನಿಸಿದರೆ ಇಂಥವು ಬಹಳ ಕಡೆ ಇವೆ. ಯಾರಿವರು? ಸಮಾಧಿಯ ಮೇಲೆ ಇರಬೇಕಾದ ಹೆಸರು ಬೀದಿಯಲ್ಲಿ ಯಾಕೆ?

ಉತ್ತರ: ಅವರು ಬೀದಿಯಲ್ಲೇ ಸತ್ತರು, ಅದಕ್ಕೆ. ಇಂಥ ಎಷ್ಟೋ ಫಲಕಗಳು ‘ಈಸಿ’ ಎಂಬ ಪದದಿಂದ ಶುರುವಾಗುತ್ತವೆ. ಫ್ರೆಂಚಿನಲ್ಲಿ ಹಾಗಂದರೆ ‘ಇಲ್ಲಿ’. ಇಲ್ಲಿ ಬಿದ್ದರು, ಇಂಥವರು, ಇಂಥ ದಿನ.

1940ರ ಜೂನ್‌ನಿಂದ ಪ್ಯಾರಿಸ್ ಜರ್ಮನ್ನರ ಕೈಯಲ್ಲಿತ್ತು. 1944ರ ಆಗಸ್ಟ್ 19ಕ್ಕೆ ಊರೇ ತಿರುಗಿಬಿತ್ತು. ಬೀದಿಗೆ ಹಾಸಿದ್ದ ಕಲ್ಲು ಕಿತ್ತು, ಮರ ಕಡಿದು ರಸ್ತೆಗೆ ಅಡ್ಡ ಹಾಕಿದರು. 25ರಂದು ಜರ್ಮನ್ ಸೇನಾಪತಿ ಶರಣಾದ. ಬೀದಿಯ ಫಲಕಗಳಲ್ಲಿ ಬಹಳಷ್ಟು ಈ ಒಂದೇ ವಾರದವು. ಸತ್ತವರ ಮನೆಯವರು, ಗೆಳೆಯರು, ಜೊತೆಗಿದ್ದವರು ಎಷ್ಟೋ ಕಡೆ ಯಾರ ಅಪ್ಪಣೆಗೂ ಕಾಯದೆ ಆ ಜಾಗದಲ್ಲೇ ಗುರುತು ಇಟ್ಟರು, ಮೊದಮೊದಲು ಬರೀ ಹೂವು, ಹಲಗೆ, ಆಮೇಲೆ ಕಲ್ಲು. ನನಗೆ ಇವು ದೊಡ್ಡ ಸ್ಮಾರಕಗಳಿಗಿಂತ ಜಾಸ್ತಿ ಆಪ್ತ ಅನಿಸುವುದು ಇದಕ್ಕೇ. ಕೆಲವು ಫಲಕಗಳಿಗೆ ಹೂಗುಚ್ಛ ಸಿಕ್ಕಿಸಲು ಬಳೆಯಂಥ ಒಂದು ಕೊಂಡಿಯೂ ಇರುತ್ತದೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿಗೆ ಹೂವು ಬರುತ್ತದೆ. ನೀವು ನೋಡಿದ್ದು ಅದನ್ನೇ.

ಕೆಳಗೆ ‘ಫ್ರಾನ್ಸ್‌ಗಾಗಿ ಮಡಿದರು’ ಅಂತಲೂ ಇರಬಹುದು. ಅದು ಸುಮ್ನೆ ಗೌರವಕ್ಕೆ ಬರೆಯುವ ಮಾತಲ್ಲ, 1915ರ ಕಾನೂನಿನಿಂದ ಬಂದ ಮಾನ್ಯತೆ.

ಒಂದು ಮಾತು ಹೇಳಲೇಬೇಕು. ಆ ಹೆಸರುಗಳಲ್ಲಿ ಪೊಲೀಸರೂ ಇದ್ದಾರೆ. ದಂಗೆಯ ಮೊದಲ ದಿನವೇ ತಮ್ಮ ಮುಖ್ಯ ಕಚೇರಿಯನ್ನು ವಶಕ್ಕೆ ತೆಗೆದುಕೊಂಡವರು ಅವರು. ಆದರೆ 1942ರ ಜುಲೈ 16, 17ರಂದು ಜರ್ಮನ್ನರ ಬೇಡಿಕೆಯಂತೆ ಸುಮಾರು 13,000 ಯಹೂದಿಗಳನ್ನು ಮನೆಮನೆಯಿಂದ ಹಿಡಿದು ತಂದದ್ದೂ ಇದೇ ಊರಿನ ಪೊಲೀಸರು. ಎರಡನ್ನೂ ನೆನಪಿಟ್ಟುಕೊಂಡೇ ಆ ಫಲಕ ಓದಬೇಕು.

ಪ್ರಶ್ನೆ: ಮನುಶಿಯಾನ್ ಎಂಬ ಹೆಸರನ್ನೂ ಅಲ್ಲಿ ನೋಡಿದೆ. ಫ್ರೆಂಚ್ ಹೆಸರಿನ ಹಾಗಿಲ್ಲ, ಅಲ್ವಾ?

ಉತ್ತರ: ಅಲ್ಲ. ಮಿಸಾಕ್ ಮನುಶಿಯಾನ್ ಅರ್ಮೇನಿಯನ್. ಹುಡುಗನಿದ್ದಾಗಲೇ ಅರ್ಮೇನಿಯನ್ನರ ನರಮೇಧದಲ್ಲಿ ಅನಾಥರಾಗಿ, ಮುಂದೆ ಫ್ರಾನ್ಸ್ ಸೇರಿದವರು, ಕವಿ, ಕಾರ್ಮಿಕ. ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಅವರ ಗುಂಪಿನಲ್ಲಿ ಪೋಲೆಂಡ್, ಹಂಗೇರಿಯಿಂದ ಬಂದ ಯಹೂದಿಗಳು, ಇಟಲಿಯವರು, ಸ್ಪೇನ್‌ನವರು ಇದ್ದರು. ಜರ್ಮನ್ನರು ಹತ್ತು ಜನರ ಮುಖ ಹಾಕಿ ಕೆಂಪು ಪೋಸ್ಟರ್ ಅಂಟಿಸಿದರು. ‘ನೋಡಿ, ಇವರೆಲ್ಲ ಹೊರಗಿನವರು, ಕೊಲೆಗಡುಕರು’ ಅಂತ ಜನರ ಮನಸ್ಸು ಕೆಡಿಸಲು. 1944ರ ಫೆಬ್ರುವರಿ 21ರಂದು ಪ್ಯಾರಿಸ್ ಪಕ್ಕದ ಮೋಂ ವಲೇರಿಯಾಂ ಕೋಟೆಯಲ್ಲಿ 22 ಗಂಡಸರನ್ನು ಗುಂಡಿಟ್ಟು ಕೊಂದರು. ಜರ್ಮನ್ ಜನರ ಮೇಲೆ ತನಗೆ ದ್ವೇಷವಿಲ್ಲ ಎಂದು ಮನುಶಿಯಾನ್ ಹೆಂಡತಿ ಮೆಲಿನೆಗೆ ಬರೆದ ಕೊನೆಯ ಕಾಗದದಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ.

ಆ ಕೋಟೆಯಲ್ಲಿ ಸತ್ತವರು 1,000ಕ್ಕೂ ಹೆಚ್ಚು. ಅವರ ಹೆಸರುಗಳಿರುವ ದೊಡ್ಡ ಗಂಟೆಯಾಕಾರದ ಸ್ಮಾರಕವನ್ನು 2003ರಲ್ಲಿ ಅಲ್ಲಿ ಇಟ್ಟರು. ಆದರೆ ಗುಂಪಿನ ಓಲ್ಗಾ ಬಾಂಚಿಕ್ ಅಲ್ಲಿ ಸತ್ತವರಲ್ಲ. ಹೆಂಗಸು ಎಂಬ ಕಾರಣಕ್ಕೆ ಅವರನ್ನು ಜರ್ಮನಿಗೆ ಸಾಗಿಸಿ, 1944ರ ಮೇ 10ರಂದು ಸ್ಟುಟ್‌ಗಾರ್ಟ್‌ನಲ್ಲಿ ತಲೆ ಕಡಿದರು. ಅಂದು ಅವರ 32ನೇ ಹುಟ್ಟುಹಬ್ಬ. ‘ಇಲ್ಲಿ ಬಿದ್ದರು’ ಎಂದು ಬರೆಯಲು ಪ್ಯಾರಿಸ್‌ನಲ್ಲಿ ಅವರಿಗೆ ಜಾಗವೇ ಇರಲಿಲ್ಲ. 2024ರಲ್ಲಿ ಮನುಶಿಯಾನ್ ದಂಪತಿಯನ್ನು ಪ್ಯಾಂಥಿಯನ್‌ಗೆ, ಅಂದರೆ ಫ್ರಾನ್ಸ್ ತನ್ನ ಮಹನೀಯರನ್ನು ಇಡುವ ಪ್ಯಾರಿಸ್‌ನ ಸಮಾಧಿ ಮಂದಿರಕ್ಕೆ, ತಂದಾಗ, ಅಲ್ಲಿನ ಫಲಕದಲ್ಲಿ ಜೊತೆಗಾರರ ಹೆಸರುಗಳ ನಡುವೆ ಓಲ್ಗಾ ಹೆಸರೂ ಸೇರಿತು.