ನಳ್ಳಿಯ ಬಣ್ಣ ಆರಿಸುವ ಮುನ್ನ ಬೇಸಗೆಯ ನೀರು ನೋಡಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮಂಗಳೂರಿನ ಶೋರೂಮಿನಲ್ಲಿ ಕ್ರೋಮ್, ಮ್ಯಾಟ್ ಕಪ್ಪು, ರೋಸ್ ಗೋಲ್ಡ್, ಬ್ರಶ್ಡ್ ನಿಕಲ್ ಎಂದು ಹತ್ತು ಬಗೆಯ ನಳ್ಳಿ ತೋರಿಸಿದರು. ದಿನಾ ತಿಕ್ಕುತ್ತ ಕೂರಲು ನಮಗೆ ಪುರುಸೊತ್ತಿಲ್ಲ. ಯಾವುದನ್ನು ಹಾಕಿಸಬಹುದು?

ಉತ್ತರ:

ಬಚ್ಚಲಿಗೆ ಮಾಮೂಲಿ ಕ್ರೋಮ್, ಅಡುಗೆಮನೆಗೆ ಬ್ರಶ್ಡ್ ಸ್ಟೀಲ್, ಹಿತ್ತಿಲಿಗೆ ಪ್ಲಾಸ್ಟಿಕ್. ಅವಸರದಲ್ಲಿದ್ದರೆ ಇಷ್ಟೇ ಸಾಕು. ನಾನು ಪೆರ್ಲದ ಕಡೆಯವನು. ನಿಮ್ಮ ನೀರೂ ನಮ್ಮದೂ ಹೆಚ್ಚುಕಡಿಮೆ ಒಂದೇ ಜಾತಿಯದು ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಳ್ಳಿಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗಡಸು ನೀರಿನ ಊರಿನವರಿಗಾಗಿ ಇರುವಂಥವು. ಹೊಸೂರಿನಲ್ಲಿರುವ ಅಕ್ಕನ ಮನೆಯಲ್ಲಿ ಬೋರ್ ನೀರು. ನಳ್ಳಿಯ ಬಾಯಿಗೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಲಿಂಬೆಯ ಹೋಳಿಗೋ ವಿನಿಗರಿಗೋ ಕರಗುತ್ತದೆ. ನಮ್ಮಲ್ಲಿ ಕತೆ ಬೇರೆ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿದ್ದ ಸುಣ್ಣದ ಅಂಶವನ್ನೆಲ್ಲ ಮಳೆ ಎಂದೋ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹಾಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ತೆರೆದ ಬಾವಿಯ ನೀರು ಮೆದು. ತುಸು ಹುಳಿಗುಣವೂ ಉಂಟು. ಬಿಳಿ ಕಲೆಯ ಹೆದರಿಕೆ ಕಡಿಮೆ. ಆದರೆ ಜನವರಿ ದಾಟಿ ಬಾವಿ ತಳ ಕಂಡಾಗ ಬೋರ್ ಚಾಲು ಮಾಡುತ್ತೀರಲ್ಲ, ಕಷ್ಟ ಶುರುವಾಗುವುದು ಆಗ. ಬೋರಿನಿಂದ ಬರುವಾಗ ನೀರು ಸ್ಫಟಿಕದಷ್ಟು ತಿಳಿ. ಅದರಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದ ಮೇಲೆ ಕೆಂಪಗೆ ಗಸಿಯಾಗುತ್ತದೆ. ಹನಿ ಎಲ್ಲಿ ಒಣಗುತ್ತದೋ ಅಲ್ಲಿ ಕೆಂಗಂದು ಕಲೆ.

ಆದ್ದರಿಂದ ಶೋರೂಮಿಗೆ ಇನ್ನೊಮ್ಮೆ ಹೋಗುವ ಮೊದಲು ಬೋರಿನ ನೀರನ್ನು ಒಂದು ಬಿಳಿ ಬಕೆಟಿನಲ್ಲಿ ರಾತ್ರಿಯಿಡೀ ಬಿಡಿ. ತಳದಲ್ಲಿ ಕೆಂಪು ಗಸಿ ಕೂತರೆ ಕಬ್ಬಿಣ. ಅದೇ ನೀರಿನ ನಾಲ್ಕು ಹನಿಯನ್ನು ಗಾಜಿನ ಮೇಲೆ ಒಣಗಿಸಿ; ಬಿಳಿ ಉಂಗುರ ಉಳಿದರೆ ಗಡಸು. ಇದನ್ನು ಮಾಡುವುದಾದರೆ ಎಪ್ರಿಲ್‌ನಲ್ಲಿ ಮಾಡಿ. ಜಡಿಮಳೆಯ ಆಟಿ ತಿಂಗಳ ನೀರು ನೋಡಿ ನಳ್ಳಿ ಆರಿಸಿದರೆ ಏನೂ ಗೊತ್ತಾಗುವುದಿಲ್ಲ.

ಈಗ ಕ್ರೋಮ್. ಒಳ್ಳೆಯ ನಳ್ಳಿಯ ಒಡಲು ಹಿತ್ತಾಳೆ, ಅದರ ಮೇಲೆ ನಿಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಆ ಕ್ರೋಮಿಯಂ ಪದರ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಆದರೂ ಗಟ್ಟಿ, ನುಣುಪು. ಕಲೆಗೆ ಹಿಡಿದುಕೊಳ್ಳಲು ಜಾಗವಿಲ್ಲ. ಬೆರಳಚ್ಚು ಎದ್ದು ಕಾಣುತ್ತದೆ ಎಂಬ ದೂರು ನಿಜ, ಆದರೆ ಬೈರಾಸಿನ ತುಂಡಿನಿಂದ ಒಮ್ಮೆ ಒರೆಸಿದರೆ ಹೋಯಿತು. ಇನ್ನೊಂದು ಲಾಭವನ್ನು ಅಂಗಡಿಯವರು ಹೇಳುವುದಿಲ್ಲ: ನಳ್ಳಿಯ ಜೊತೆಗೆ ಹಾಕಿಸುವ ಆಂಗಲ್ ಕಾಕ್, ಜೆಟ್ ಸ್ಪ್ರೇ, ಬಾಟಲ್ ಟ್ರ್ಯಾಪ್ ಕೆಟ್ಟರೆ ಕ್ರೋಮಿನದ್ದು ಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ರೋಸ್ ಗೋಲ್ಡ್ ಆಂಗಲ್ ಕಾಕ್ ಹುಡುಕುತ್ತ ಮತ್ತೆ ಮಂಗಳೂರಿನ ಬಸ್ಸು ಹತ್ತಬೇಕಾಗುತ್ತದೆ.

ಬ್ರಶ್ಡ್ ಮೇಲ್ಮೈಯಲ್ಲಿ ಸಣ್ಣ ಗೆರೆಗಳಿರುವುದರಿಂದ ಹನಿಯ ಗುರುತು, ಬೆರಳಚ್ಚು ಮರೆಯಾಗುತ್ತವೆ. ದಿನಕ್ಕೆ ನೂರು ಸಲ ಮುಟ್ಟುವ ಅಡುಗೆಮನೆಗೆ ಅದು ಸರಿ. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಬೇಕು. ಬೋರಿನ ಕೆಂಪು ಕಲೆಯನ್ನು ವಾರಗಟ್ಟಲೆ ಬಿಟ್ಟರೆ ಮಾತ್ರ ಅದು ಆ ಗೆರೆಗಳೊಳಗೇ ಮನೆ ಮಾಡುತ್ತದೆ.

ಮ್ಯಾಟ್ ಕಪ್ಪು ಫೋಟೋಕ್ಕೆ ಚಂದ. ಸೋಪಿನ ನೊರೆ ಒಣಗಿದ್ದೂ ಹಲ್ಲುಜ್ಜಿದ ಪೇಸ್ಟಿನ ಹನಿಯೂ ಅದರ ಮೇಲೆ ಬೆಳ್ಳಗೆ ಕಾಣುತ್ತವೆ. ಬಲವಾಗಿ ತಿಕ್ಕಿದರೆ ತಿಕ್ಕಿದಲ್ಲಿ ಮಿರುಗು ಬಂದು ಬಣ್ಣ ಎರಡಾಗುತ್ತದೆ. ಅಗ್ಗದ್ದರಲ್ಲಿ ಅದು ಬರೀ ಪೈಂಟ್. ಬಂಗಾರದ ಬಣ್ಣ ಬೇಕೇ ಬೇಕಾದರೆ ಪಿವಿಡಿ ಲೇಪನವೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದು ನಿರ್ವಾತದ ಕೋಣೆಯಲ್ಲಿ ಲೋಹದ ಆವಿಯನ್ನು ಕೂರಿಸುವ ಕೆಲಸ. ಕ್ರೋಮಿಗಿಂತಲೂ ಗಟ್ಟಿ, ಬೆಲೆಯೂ ಹಾಗೆಯೇ.

ನನ್ನ ಲೆಕ್ಕದಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ. ಹೂವಿನ ಕೆತ್ತನೆ, ಬಳೆಬಳೆಯಾದ ಕುತ್ತಿಗೆ, ಬುಡದಲ್ಲಿ ಮೆಟ್ಟಿಲು ಇದ್ದರೆ ಹಳೆಯ ಬ್ರಶ್ ಹಿಡಿದು ಕೂರುವ ಕರ್ಮ ತಪ್ಪದು. ಅಡುಗೆಮನೆಯ ನಳ್ಳಿ ಸಿಂಕಿನ ಮೇಲೆ ಕೂರುವುದಕ್ಕಿಂತ ಗೋಡೆಯಿಂದ ಬರುವಂಥದಾಗಲಿ, ಬುಡದಲ್ಲಿ ನೀರು ನಿಲ್ಲುವುದಿಲ್ಲ. ಬಾಯಿಯ ಜಾಲರಿ ಕೈಯಲ್ಲೇ ತಿರುಗಿಸಿ ಕಳಚುವಂತಿದೆಯೇ ಎಂದು ಅಂಗಡಿಯಲ್ಲೇ ನೋಡಿ. ಬೇಸಗೆಯಲ್ಲಿ ಅದರೊಳಗೆ ಮರಳೂ ಕೆಂಪು ಗಸಿಯೂ ಸೇರಿ ಧಾರೆ ಸೊರಗುತ್ತದೆ. ಶವರಿನ ತೂತುಗಳು ಮೆತ್ತಗಿನ ಸಿಲಿಕೋನಿನವಾದರೆ ಹೆಬ್ಬೆರಳಲ್ಲಿ ಉಜ್ಜಿದರೆ ತೆರೆದುಕೊಳ್ಳುತ್ತವೆ.

ಕೆಂಪು ಕಲೆಗೆ ವಿನಿಗರ್ ಹೆಚ್ಚೇನೂ ಮಾಡುವುದಿಲ್ಲ. ನಮ್ಮ ಹಿತ್ತಿಲಿನ ಬಿಂಬುಳಿ ಮಾಡುತ್ತದೆ, ಅದರಲ್ಲಿ ಆಕ್ಸಾಲಿಕ್ ಆಮ್ಲ ಉಂಟು. ಕಾಯಿ ಸೀಳಿ ಕಲೆಯ ಮೇಲೆ ಉಜ್ಜಿ, ಎರಡು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒರೆಸಿ. ಕ್ರೋಮಿಗೆ, ಸ್ಟೀಲಿಗೆ ಮಾತ್ರ. ರಸ ಕಾವಿ ನೆಲಕ್ಕೋ ಮಾರ್ಬಲ್‌ಗೋ ಬಿದ್ದರೆ ಅಲ್ಲಿ ಗುರುತು ಉಳಿಯುತ್ತದೆ. ಕಕ್ಕಸು ತೊಳೆಯುವ ಆಸಿಡನ್ನು ಮಾತ್ರ ಯಾವ ನಳ್ಳಿಗೂ ತಾಗಿಸಬೇಡಿ. ಅದರ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಂ ಪದರವನ್ನೇ ತಿನ್ನುತ್ತದೆ, ಆಮೇಲೆ ಹಸುರು ಚುಕ್ಕಿ ಎದ್ದರೆ ಯಾವ ಮದ್ದೂ ಇಲ್ಲ. ಉಪ್ಪಳ, ಕುಂಬಳೆಯಂಥ ಕಡಲ ಬದಿಯವರಾಗಿದ್ದರೆ ಉಪ್ಪುಗಾಳಿಗೆ 304 ದರ್ಜೆಯದರ ಬದಲು ತುಕ್ಕಿಗೆ ಇನ್ನೂ ಗಟ್ಟಿಯಾದ 316 ದರ್ಜೆಯ ಸ್ಟೀಲ್ ಕೇಳಿ ಎನ್ನುತ್ತಿದ್ದೆ. ನಿಮಗೆ ಅದು ಬೇಡ.

ಹಿತ್ತಿಲಿಗೆ ಪ್ಲಾಸ್ಟಿಕ್ ಎಂದೆ. ಅಡಿಕೆಯ ಚೊಗರು, ಗುಜ್ಜೆ ಕೊಚ್ಚಿದ ಕೈಯ ಮೇಣ, ತೋಟಕ್ಕೆ ಮದ್ದು ಬಿಟ್ಟು ಬಂದ ಮೈಲುತುತ್ತಿನ ಕೈ, ಎಲ್ಲ ಮೊದಲು ಮುಟ್ಟುವುದು ಆ ನಳ್ಳಿಯನ್ನು. ಚೊಗರಿಗೆ ಕಬ್ಬಿಣದ ನೀರು ಸೇರಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ಮೇಣಕ್ಕೆ ಮೊದಲು ತೆಂಗಿನೆಣ್ಣೆ, ಆಮೇಲೆ ಸೋಪು, ಕತ್ತಿಯಿಂದ ಹೆರೆಯಬೇಡಿ. ಮೊಣಕೈಯಿಂದ ತೆರೆಯುವಂಥ ಉದ್ದ ಹಿಡಿಯದ್ದು ಸಿಕ್ಕಿದರೆ ಅದನ್ನೇ ತನ್ನಿ. ಎರಡು ಮಳೆಗಾಲ ಕಳೆದು ಹಾಳಾದರೆ ಬದಲಿಸಲು ಹೊಟ್ಟೆ ಉರಿಯುವಷ್ಟು ಬೆಲೆಯೇನೂ ಇಲ್ಲ.