ಕಾರಿನ ಹೊರಮೈ: ಧೂಳು, ಬಿಸಿಲು ಮತ್ತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಅದಿರು ಲಾರಿ ಓಡಾಡುವ ರಸ್ತೆ ಪಕ್ಕದಲ್ಲೇ ಮನೆ. ದಿನಾ ತಪ್ಪದೆ ಬಾಡಿ ಕವರ್ ಹಾಕಿದರೂ ಆರು ತಿಂಗಳಲ್ಲಿ ಬಾನೆಟ್ ತುಂಬ ಸಣ್ಣ ಗೀರು ಬಿದ್ದಿವೆ. ಇನ್ನೂ ದುಬಾರಿ ಕವರ್ ತರಬೇಕೆ?
— ಓದುಗರು, ಸಂಡೂರು

ಉತ್ತರ: ಬೇಡ. ಗೀರು ಬಿದ್ದದ್ದೇ ಕವರ್‌ನಿಂದ. ನಿಮ್ಮ ಕಡೆಯ ಕೆಂಪು ಧೂಳು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಅದು ಹೆಚ್ಚುಕಡಿಮೆ ಗಾಜಿನಷ್ಟು ಗಟ್ಟಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಅದರ ಮುಂದೆ ಬಹಳ ಮೆತ್ತಗೆ. ಧೂಳು ಕೂತ ಕಾರಿನ ಮೇಲೆ ಕವರ್ ಎಳೆದರೆ, ಅದು ಗಾಳಿಗೆ ಅಲ್ಲಾಡಿದಷ್ಟೂ ಹೊತ್ತು ಮರಳು ಕಾಗದ ಉಜ್ಜಿದ ಹಾಗೇ. ಬಾನೆಟ್‌ನ ಮೂಲೆ, ಮಿರರ್‌ನ ತುದಿ, ಟಾಪ್‌ನ ಅಂಚು ನೋಡಿ: ಕವರ್ ಬಿಗಿಯಾಗಿ ಕೂರುವ ಕಡೆಯೇ ಗೀರು ಹೆಚ್ಚಿರುತ್ತವೆ.

ದಿನಾ ಓಡುವ ಕಾರಿಗೆ ಕವರ್‌ಗಿಂತ ಶೇಡ್ ನೆಟ್ ಅಥವಾ ತಗಡಿನ ನೆರಳು ಮೇಲು. ವಾರಗಟ್ಟಲೆ ನಿಲ್ಲಿಸುವುದಾದರೆ ಮಾತ್ರ ತೊಳೆದು, ಪೂರ್ತಿ ಒಣಗಿಸಿ ಕವರ್ ಹಾಕಿ. ಮಿರರ್‌ಗೆ ಪಾಕೆಟ್, ಕಾರಿನ ಹೊಟ್ಟೆ ಕೆಳಗೆ ಬಿಗಿಯುವ ಬೆಲ್ಟ್ ಇರುವ ಕವರ್ ಕೊಳ್ಳಿ. ತೆಗೆಯುವಾಗ ಎರಡೂ ಪಕ್ಕವನ್ನು ಟಾಪ್‌ನ ನಡುವಿನ ತನಕ ಮಾತ್ರ ಮಡಚಿ, ಹಿಂದಿನಿಂದ ಸುರುಳಿ ಸುತ್ತಿ. ಪಕ್ಕಗಳು ಒಂದರ ಮೇಲೊಂದು ಬಂದರೆ ಹೊರಮೈ ಧೂಳು ಒಳಮೈಗೆ ಅಂಟಿ, ಮರುದಿನ ಬಣ್ಣಕ್ಕೇ ಬರುತ್ತದೆ.

ಒಣಬಟ್ಟೆಯಲ್ಲಿ ಒರೆಸುವುದನ್ನು ಇಂದೇ ಬಿಡಿ. ಮೊದಲು ಬರೀ ನೀರು, ಮೇಲಿನಿಂದ ಕೆಳಗೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಶುದ್ಧ ನೀರು. ಬೋರ್ ನೀರಾದರೆ ನೆರಳಲ್ಲೇ ತೊಳೆದು, ತಾನಾಗಿ ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿ. ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತದೆ.

ಪ್ರಶ್ನೆ: ಸ್ಪಾಂಜ್ ಐರನ್ ಫ್ಯಾಕ್ಟರಿ ಹತ್ತಿರ ಬಿಳಿ ಕಾರು ನಿಲ್ಲಿಸುತ್ತೇನೆ. ಮೈತುಂಬ ಕಿತ್ತಳೆ ಚುಕ್ಕೆ. ಬಾಡಿಗೆ ತುಕ್ಕು ಹಿಡಿಯಿತೇ?
— ಓದುಗರು, ಗಿಣಿಗೇರಾ, ಕೊಪ್ಪಳ

ಉತ್ತರ: ಬಾಡಿಗಲ್ಲ, ಅದರ ಮೇಲೆ ಕೂತ ಕಣಗಳಿಗೆ. ಅದಿರಿನ ಧೂಳು ಆಗಲೇ ಆಕ್ಸೈಡ್, ಮತ್ತೆ ತುಕ್ಕು ಹಿಡಿಯದು. ಸ್ಪಾಂಜ್ ಐರನ್ ಎಂದರೆ ಅದಿರಿನಿಂದ ಆಮ್ಲಜನಕ ತೆಗೆದ ಕಬ್ಬಿಣ, ಅದರ ಕಣ ಲೋಹ. ಇಬ್ಬನಿ ತಾಗಿದರೆ ಕೂತಲ್ಲೇ ತುಕ್ಕಾಗಿ ಕ್ಲಿಯರ್ ಕೋಟ್‌ಗೆ ಕಚ್ಚಿಕೊಳ್ಳುತ್ತದೆ. ಐರನ್ ರಿಮೂವರ್ ಎಂಬ ಸ್ಪ್ರೇ ಸಿಗುತ್ತದೆ. ಬಾಡಿ ತಣ್ಣಗಿರುವಾಗ, ನೆರಳಲ್ಲಿ ಹೊಡೆಯಿರಿ. ಕಬ್ಬಿಣದ ಕಣ ಕರಗಿ ನೇರಳೆ ಬಣ್ಣ ಇಳಿಯತೊಡಗುತ್ತದೆ. ಮೂರು-ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲು ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್ (ಕಣ ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ) ಉಜ್ಜಿ, ಶಾಂಪೂ ನೀರು ಧಾರಾಳವಾಗಿ ಹಾಕಿ. ಕೊನೆಗೆ ವ್ಯಾಕ್ಸ್. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರ ತರಬೇಡಿ.

ಪ್ರಶ್ನೆ: ಡೋರ್ ವೈಸರ್ (ಕಿಟಕಿ ಮೇಲಿನ ಮಳೆ ತಡೆಯೋ ಪಟ್ಟಿ) ಹಾಕಿಸಿ ಎಂಟು ತಿಂಗಳಾಗಿಲ್ರಿ, ಆಗಲೇ ತುದಿ ಬಿಡಾಕ ಹತ್ಯಾವು. ಗಮ್ ಹಚ್ಚಿದ್ರ ನಡೀತೈತೇನ್ರಿ?
— ಓದುಗರು, ರಾಯಚೂರು

ಉತ್ತರ: ಗಮ್ ಬೇಡ್ರಿ. ಕ್ಷಣದಲ್ಲಿ ಅಂಟುವ ಗಮ್ ಗಡುಸಾಗಿ ಒಡೆಯುತ್ತದೆ, ಕಿತ್ತರೆ ಬಣ್ಣವನ್ನೂ ಎತ್ತುತ್ತದೆ. ಬಿಟ್ಟ ತುದಿಯ ಟೇಪ್ ನೋಡಿ: ಕೆಂಪಗೆ ಧೂಳು ಮೆತ್ತಿದ್ದರೆ ಅದನ್ನು ಎಷ್ಟು ಒತ್ತಿದರೂ ಕೂರದು. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಹಿಂದಿನಿಂದ ನೈಲಾನ್ ದಾರ ಗರಗಸದಂತೆ ಎಳೆದು ವೈಸರ್ ಬಿಡಿಸಿ, ಚಾಕು ಬೇಡ. ಹಳೆಯ ಟೇಪನ್ನು ಬೆರಳಲ್ಲಿ ಉರುಳಿಸಿ ತೆಗೆದು, ಐಸೋಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ ಎರಡೂ ಕಡೆ ಒರೆಸಿ.

ಹೊಸ ಟೇಪ್ ಹಾಕುವ ಮೊದಲು ವೈಸರನ್ನು ಹಾಗೇ ಇಟ್ಟು ನೋಡಿ. ತುದಿ ಬಾಗಿಲಿಂದ ಎದ್ದು ನಿಂತರೆ ಅದು ನಿಮ್ಮ ಮಾಡೆಲ್‌ನದ್ದಲ್ಲ, ಯಾವ ಟೇಪೂ ಅದನ್ನು ಹಿಡಿದಿಡದು. ಸರಿ ಕೂತರೆ ಹೊಸ ಅಕ್ರಿಲಿಕ್ ಫೋಮ್ ಟೇಪ್ ಹಾಕಿ, ಗೇಣುಗೇಣಿಗೂ ಅರ್ಧ ನಿಮಿಷ ಹೆಬ್ಬೆರಳಿಂದ ಒತ್ತಿ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಏಳಕ್ಕೇ ಆಗಬೇಕು. ಕೈ ಇಡಲಾಗದಷ್ಟು ಕಾದ ತಗಡಿನ ಮೇಲೆ ಬೇಡ. ಅಂಟು ಪೂರ್ತಿ ಬಿಗಿಯಲು 72 ತಾಸು ಹಿಡಿಯುತ್ತದೆ. ಅಲ್ಲಿಯ ತನಕ ಪ್ರೆಶರ್ ವಾಷ್ ಬೇಡ.

ಪ್ರಶ್ನೆ: ವೈಪರ್ ಕರಕರ ಅನ್ನುತ್ತದೆ. ಪೂರ್ತಿ ಬದಲಿಸಬೇಕೆ?
— ಓದುಗರು, ಗಂಗಾವತಿ

ಉತ್ತರ: ಬ್ಲೇಡಿನ ಚೌಕಟ್ಟು ನೆಟ್ಟಗಿದ್ದರೆ ರಬ್ಬರ್ ಪಟ್ಟಿ ಮಾತ್ರ ಸಾಕು. ಹಳೆಯದನ್ನು ಅಳೆದು ತನ್ನಿ, ಎಡ-ಬಲದ ಉದ್ದ ಬೇರೆಬೇರೆ ಇರಬಹುದು. ಬ್ಲೇಡ್ ಬಿಚ್ಚಿದಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಸ್ಪ್ರಿಂಗ್ ತೋಳು ಕೈಜಾರಿ ಬಿದ್ದರೆ ಗಾಜು ಸೀಳುತ್ತದೆ. ಮುಂಗಾರಿಗೆ ಮುಂಚೆ, ಮೇ ಕೊನೆಗೆ ಹಾಕಿಸಿ. ಮೊದಲೇ ಹಾಕಿಸಿದರೆ ಹೊಸ ರಬ್ಬರೂ ಬಿಸಿಲಿಗೆ ಗಡುಸಾಗುತ್ತದೆ.

ಪ್ರಶ್ನೆ: ಕಾರಿನ ಮುಂದೆ ಬುಲ್ ಗಾರ್ಡ್ (ಬಂಪರ್ ಮುಂದಿನ ಲೋಹದ ಸರಳು) ಹಾಕಿಸಲೇ?
— ಓದುಗರು, ಬಳ್ಳಾರಿ

ಉತ್ತರ: ಖಂಡಿತ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದೆ. ಗುದ್ದಿದ ಪೆಟ್ಟನ್ನು ಬಂಪರ್ ನುಂಗುವ ಬದಲು ಗಾರ್ಡ್ ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸಮಯಕ್ಕೆ ಬಿಚ್ಚದೇ ಹೋಗಬಹುದು, ಅಡ್ಡ ಬಂದ ಪಾದಚಾರಿಗೆ ಪೆಟ್ಟು ಜಾಸ್ತಿ. ಆ ದುಡ್ಡಿನ ಒಂದು ಪಾಲಲ್ಲಿ ನಾಲ್ಕು ಮಡ್ ಫ್ಲಾಪ್ ಬರುತ್ತವೆ. ಟೈರ್ ಎರಚುವ ಕಲ್ಲು ಬಾಗಿಲ ಕೆಳಗಿನ ಬಣ್ಣ ತಿನ್ನುವುದನ್ನು ಅವು ತಡೆಯುತ್ತವೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ತಾಗುತ್ತದೆಯೇ ನೋಡಿದ ಮೇಲೆಯೇ ಗ್ಯಾರೇಜಿಂದ ಹೊರಡಿ.